ತೆಪ್ಪದ ತೂತು ಹುಡುಕುವ ಹುಡುಗಿ

ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ನಮ್ಮ ಆಲೂರು ತಾಲ್ಲೂಕಿಗೂ ಚಾಚಿದೆ. ಬೇಸಿಗೆಯಲ್ಲಿ ನೀರಿಳಿದಾಗ ನಮ್ಮಂಥ ವರದಿಗಾರರೆಲ್ಲ ಶೆಟ್ಟಿಹಳ್ಳಿ ಚರ್ಚಿನ ಫೋಟೋಗೆ ಓಡುತ್ತೇವೆ. ಈ ಸಲ ನಾನು ದಡದಲ್ಲೇ ನಿಂತೆ. ಮೀನು ಹಿಡಿಯುವ ಕುಟುಂಬವೊಂದು ತೆಪ್ಪ ಕವುಚಿ ಹಾಕಿಕೊಂಡು ಕೂತಿತ್ತು. ಬಿದಿರು ಹೆಣೆದು, ಗೊಬ್ಬರದ ಚೀಲ ಹೊಲಿದು, ಡಾಂಬರು ಬಳಿದ ತೆಪ್ಪ. ಹಾಯಿಯಿಲ್ಲ, ಇರುವುದೊಂದು ಹುಟ್ಟು.

ಡಾಂಬರು ಕಾಯುವ ಡಬ್ಬದ ಹತ್ತಿರ ಮಗಳನ್ನು ಬಿಟ್ಟುಕೊಳ್ಳಲಿಲ್ಲ. ಅವಳ ಕೆಲಸವೇ ಬೇರೆ. ತೆಪ್ಪದ ಕೆಳಗೆ ನುಸುಳಿ, ಕತ್ತಲಲ್ಲಿ ಕೂತು, ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹುಲ್ಲುಕಡ್ಡಿ ತೂರಿಸಬೇಕು. ಕಡ್ಡಿ ಇಣುಕಿದಲ್ಲಿ ಅಪ್ಪ ಸುಣ್ಣದ ಬೊಟ್ಟಿಡುತ್ತಿದ್ದರು. ‘ಇನ್ನೊಂದೈತೆ ಕಣಪ್ಪಾ’ ಅಂತ ಒಳಗಿಂದ ಕೂಗು. ಒಟ್ಟು ಹನ್ನೊಂದು. ಒಂದು ತಪ್ಪಿದರೂ ರಾತ್ರಿ ಬಲೆ ಬಿಡಲು ಹೋದವರ ಕಾಲಡಿಗೆ ನೀರು. ಲೈಫ್ ಜಾಕೆಟ್ ಅವರಲ್ಲಿಲ್ಲ.

ಅಂದು ಗುರುವಾರ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, ಅಪಾಯವಿಲ್ಲದ ಮನೆಕಸುಬಿಗೆ ಮಕ್ಕಳು ಕೈಜೋಡಿಸಬಹುದು ಎನ್ನುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ. ಡೆಸ್ಕಿನವರಿಗೆ ‘ಬಾಲಕಾರ್ಮಿಕ’ ಎಂಬ ಹೆಡ್ಡಿಂಗ್ ಬೇಕಿತ್ತು. ಒಪ್ಪಲಿಲ್ಲ. ಹಾಗೆ ಬರೆದರೆ ಕೇಸು ಬಂದೀತು, ಲೈಫ್ ಜಾಕೆಟ್ ಬರದು.

ಸಂಜೆ ಮಾಡಬಾರದೇ ಎಂದು ಅವಳಮ್ಮನನ್ನು ಕೇಳಿದೆ.

‘ಹೊತ್ತು ಮುಳುಗಿದ್ ಮೇಲೆ ತೂತು ಎಲ್ಲಿ ಕಾಣ್ತದೆ ಸಾರ್?’

ಭಾನುವಾರ?

‘ಭಾನುವಾರದ ಮೀನಿಗೆ ಶನಿವಾರಾನೇ ನೀರಿಗಿಳೀಬೇಕಲ್ಲ.’