ಅಷ್ಟರ ಮಟ್ಟಿಗೆ ಶೂನ್ಯ

ನೇಮಕಾತಿ ಪತ್ರದ ಹದಿನಾಲ್ಕನೇ ಪುಟದಲ್ಲಿ ಆ ಷರತ್ತು ಇತ್ತು. ಕೆಲಸ ಬಿಟ್ಟ ಮೇಲೆ 12 ತಿಂಗಳು ತಮಿಳುನಾಡಿನ ಯಾವ ಪ್ರತಿಸ್ಪರ್ಧಿ ಸಂಸ್ಥೆಗೂ ಸೇರಕೂಡದು. ಅವಳು ಅದಕ್ಕೆ ಸಹಿ ಹಾಕಿದ್ದು 2017ರಲ್ಲಿ, ಓದಿದ್ದು 2025ರಲ್ಲಿ. ಆಗ ಕುಂದಾಪುರದಿಂದ ಚೆನ್ನೈಗೆ ಬಂದು ಮೂರೇ ದಿನವಾಗಿತ್ತು. ಪೆನ್ನು ಕೊಟ್ಟವರು ಪ್ರತಿ ಪುಟದ ಕೆಳಗೂ ಬೆರಳಿಟ್ಟು ತೋರಿಸಿದ್ದರು, ಇವಳು ಬೆರಳಿದ್ದಲ್ಲೆಲ್ಲ ಹೆಸರು ಬರೆದಿದ್ದಳು.

ಗಿಂಡಿಯ ಆ ಕಂಪನಿ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುತ್ತದೆ. ಎಂಟು ವರ್ಷ ಅಂಗಡಿ ಅಂಗಡಿ ತಿರುಗಿ, ಜಿಎಸ್‌ಟಿ ರಿಟರ್ನ್ ಓದಿ, ಅದರಲ್ಲಿ ಕಾಣದ್ದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂತು ತಿಳಿದುಕೊಂಡು ಕಲಿತ ವಿದ್ಯೆ ಅವಳದು. ಬೇರೆ ಕೆಲಸ ಬರುವುದಿಲ್ಲ. ಈಗ ಇನ್ನೊಂದು ಕಂಪನಿ ಒಂದೂವರೆ ಪಟ್ಟು ಸಂಬಳಕ್ಕೆ ಅದೇ ಕೆಲಸಕ್ಕೆ ಕರೆದಿತ್ತು. ರಾಜೀನಾಮೆ ಕೊಟ್ಟ ದಿನ ಎಚ್‌ಆರ್‌ನವರು ಹಳೆಯ ಪತ್ರವನ್ನು ಮುಂದಿಟ್ಟರು. ಪ್ರತಿಸ್ಪರ್ಧಿಯ ಕಡೆ ಹೋಗುವುದಿಲ್ಲವೆಂದು ಮತ್ತೊಮ್ಮೆ ಬರೆದುಕೊಟ್ಟರೆ ಮಾತ್ರ ರಿಲೀವಿಂಗ್ ಲೆಟರ್ ಎಂದರು. ಆ ಒಂದು ಹಾಳೆಯಿಲ್ಲದೆ ಹೊಸ ಕಡೆ ಹಾಜರಾತಿಯಿಲ್ಲ. ಸುಮ್ಮನೆ ಒಂದು ವರ್ಷ ಮನೆಯಲ್ಲಿ ಕೂರೋಣವೆಂದರೆ ಮನೆ ಸಾಲದ ಕಂತು ಕಾಯುವುದಿಲ್ಲ.

ಅಪ್ಪಯ್ಯನಿಗೆ ಫೋನ್ ಮಾಡಿದಳು. "ಸೈನ್ ಹಾಕಿದ್ದು ನೀನೇ ಅಲ್ದಾ ಮಗಾ?" ಎಂದಷ್ಟೇ ಕೇಳಿದರು. ವಿಜಯಾ ಬ್ಯಾಂಕಿಗೆ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅವರೇನೋ ಬ್ಯಾಂಕನ್ನು ಬಿಡಲಿಲ್ಲ. ಬ್ಯಾಂಕೇ ಬೋರ್ಡು ಕಳಚಿಕೊಂಡು ಹೋಯಿತು.

ಮರುದಿನ ಅವರೇ ತಿರುಗಿ ಫೋನ್ ಮಾಡಿದರು, ಹಳೆಯ ಸಹೋದ್ಯೋಗಿಗಳಿಂದ ಕೇಳಿ ತಿಳಿದ ಸುದ್ದಿಯೊಂದಿಗೆ. 2006ರಲ್ಲಿ ವಿಜಯಾ ಬ್ಯಾಂಕ್ ಅಧಿಕಾರಿಗಳ ನೇಮಕಕ್ಕೆ ಜಾಹೀರಾತು ಕೊಟ್ಟಾಗ ಒಂದು ಷರತ್ತು ಹಾಕಿತ್ತು: 3 ವರ್ಷ ಮುಗಿಯುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು. ಹಾಗೆ ಸೇರಿದ ಹಿರಿಯ ವ್ಯವಸ್ಥಾಪಕರೊಬ್ಬರು 2009ರಲ್ಲಿ ಐಡಿಬಿಐ ಬ್ಯಾಂಕಿಗೆ ಹೊರಟರು, ತಕರಾರು ದಾಖಲಿಸಿಯೇ ಹಣ ಕಟ್ಟಿದರು, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆ ಬ್ಯಾಂಕೇ ಇಲ್ಲವಾಗಿ ಆರು ವರ್ಷ ಕಳೆದಿತ್ತು. "ಕಾಂಬುಕೆ ಸಣ್ಣ ಷರತ್ತು, ಆದ್ರೆ ಗೆದ್ದದ್ದು ಬ್ಯಾಂಕೇ" ಎಂದರು ಅಪ್ಪಯ್ಯ. ಅವರ ದನಿಯಲ್ಲಿ ಮಗಳ ಬಗ್ಗೆ ಚಿಂತೆಯೂ ಇತ್ತು, ತಮ್ಮ ಬ್ಯಾಂಕು ಗೆದ್ದ ಸಂತೋಷವೂ ಇತ್ತು.

ಹೈಕೋರ್ಟಿನ ಎದುರಿನ ತಂಬು ಚೆಟ್ಟಿ ಬೀದಿಯ ವಕೀಲೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ನಿರ್ಬಂಧ ಇರುವುದು ಕೆಲಸದಲ್ಲಿರುವಾಗಲೋ, ಬಿಟ್ಟ ಮೇಲೋ?

ಎಲ್ಲವೂ ನಿಂತಿರುವುದು ಆ ಪ್ರಶ್ನೆಯ ಮೇಲೆ. ಭಾರತೀಯ ಕರಾರು ಕಾಯ್ದೆ 1872ರದು. ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟಿದ ವರ್ಷವೂ ಅದೇ. ಅದರ 27ನೇ ಕಲಮಿನ ಪ್ರಕಾರ, ಕಾನೂನುಬದ್ಧ ವೃತ್ತಿ, ವ್ಯಾಪಾರ, ವ್ಯವಹಾರ ಮಾಡದಂತೆ ಯಾರನ್ನಾದರೂ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. 'ಅಷ್ಟರ ಮಟ್ಟಿಗೆ' ಎಂಬ ಮಾತನ್ನು ಗಮನಿಸಬೇಕು. ಇಡೀ ಪತ್ರ ಬಿದ್ದುಹೋಗುವುದಿಲ್ಲ, ಆ ಸಾಲು ಮಾತ್ರ ಬೀಳುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳು ನಿರ್ಬಂಧ ಸಮಂಜಸವೇ ಎಂದು ತೂಗಿ ನೋಡುತ್ತವೆ. ಇಲ್ಲಿ ಆ ತಕ್ಕಡಿಗೆ ಜಾಗವಿಲ್ಲವೆಂದು 1874ರಲ್ಲೇ ಕಲ್ಕತ್ತಾ ಹೈಕೋರ್ಟ್ ಹೇಳಿತು. ಆ ಮೊಕದ್ದಮೆ ಹಿತ್ತಾಳೆ ಸಾಮಾನಿನ ಇಬ್ಬರು ವ್ಯಾಪಾರಿಗಳದ್ದು. ಒಬ್ಬ ತನ್ನ ಬೀದಿಯ ಅಂಗಡಿ ಮುಚ್ಚಿದರೆ ಇನ್ನೊಬ್ಬ 900 ರೂಪಾಯಿ ಕೊಡುವುದೆಂದು ಮಾತಾಯಿತು. ಇವನು ಮುಚ್ಚಿದ, ಅವನು ಕೊಡಲಿಲ್ಲ. ಕರಾರೇ ಶೂನ್ಯ, ಹಾಗಾಗಿ ಹಣವೂ ಇಲ್ಲ ಎಂದಿತು ಕೋರ್ಟು. ಪಾಪ, ಅಂಗಡಿ ಮುಚ್ಚಿದವನಿಗೆ ಕಾನೂನು ಕೊಟ್ಟ ಸ್ವಾತಂತ್ರ್ಯ ಅದು.

ಕೆಲಸದಲ್ಲಿರುವಾಗಿನ ಕಟ್ಟುಪಾಡಿನ ಕಥೆ ಬೇರೆ. 1967ರಲ್ಲಿ ಸೆಂಚುರಿ ಸ್ಪಿನ್ನಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತ್ತು, ವಿಜಯಾ ಬ್ಯಾಂಕಿನ ತೀರ್ಪೂ ಅದೇ ಸಾಲಿನದು. "ಅಪ್ಪನಿಗೆ ಹೇಳಿ, ಅವರ ಬ್ಯಾಂಕಿನದು ಇರುವಾಗಿನದು, ನಿಮ್ಮದು ಬಿಟ್ಟ ಮೇಲಿನದು" ಎಂದರು ವಕೀಲೆ. ಹೊಸದೇನಕ್ಕೂ ಸಹಿ ಹಾಕಬೇಡಿ, 90 ದಿನದ ನೋಟಿಸ್ ಪೂರ್ತಿ ದುಡಿಯಿರಿ, ಗ್ರಾಹಕರ ಪಟ್ಟಿ ನಿಮ್ಮದಲ್ಲ, ಒಂದು ನಂಬರೂ ಒಯ್ಯಬೇಡಿ. ರಿಲೀವಿಂಗ್ ಲೆಟರಿಗಾಗಿ ಕೋರ್ಟಿಗೆ ಹೋಗಬಹುದೇ? ಹೋಗಬಹುದು, ಎಷ್ಟು ವರ್ಷವೆಂದು ಮಾತ್ರ ಕೇಳಬೇಡಿ.

ಕಂಪನಿಗಳ ವಕೀಲರಿಗೆ 27ನೇ ಕಲಮು ಗೊತ್ತಿಲ್ಲವೆಂದಲ್ಲ. ನಿಲ್ಲದ ಸಾಲನ್ನು ಗೊತ್ತಿದ್ದೇ ಬರೆಯುತ್ತಾರೆ, ಓದಿದವರು ಹೆದರಿದರೆ ಸಾಕು.

ಅವಳು 90 ದಿನ ದುಡಿದಳು. ಮುಚ್ಚಳಿಕೆಗೆ ಸಹಿ ಹಾಕಲಿಲ್ಲ. ಲೆಟರ್ ಬರಲಿಲ್ಲ. ರಾಜೀನಾಮೆ ಅಂಗೀಕಾರದ ಇಮೇಲ್ ಮತ್ತು ಕೊನೆಯ ಸಂಬಳದ ಚೀಟಿ ನೋಡಿ ಹೊಸ ಕಂಪನಿ ಎರಡು ವಾರ ಯೋಚಿಸಿತು. ಆ ಎರಡು ವಾರ ಅವಳು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಸೇರಿಸಿಕೊಂಡರು. ಹೊಸ ಪತ್ರವನ್ನು ಈ ಸಲ ಪೂರ್ತಿ ಓದಿದಳು. ಅಲ್ಲೂ ಅದೇ ಷರತ್ತು ಇತ್ತು, ಹನ್ನೊಂದನೇ ಪುಟದಲ್ಲಿ.

ಸೇರಿದ ವಾರವೇ ಪ್ಯಾರಿಸ್ ಕಾರ್ನರ್ ಹತ್ತಿರದ ಪಾತ್ರೆ ಅಂಗಡಿಯವರೊಬ್ಬರು ಫೋನ್ ಮಾಡಿದರು. ಅವಳು ಅವರ ನಂಬರ್ ಅಳಿಸಿದ್ದಳು, ಅವರು ಅವಳದನ್ನು ಅಳಿಸಿರಲಿಲ್ಲ. ಸಾಲ ನವೀಕರಿಸಬೇಕಿತ್ತು, ಮೇಡಂ ಎಲ್ಲಿದ್ದೀರೋ ಅಲ್ಲೇ ಮಾಡಿಸೋಣ ಎಂದು ತಮಿಳಿನಲ್ಲಿ ಹೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಹಳೆಯ ಕಚೇರಿಯಲ್ಲಿ ತನ್ನ ಜಾಗಕ್ಕೆ ಬಂದ ಹುಡುಗನ ಹೆಸರು ಹೇಳಿ, ಅಲ್ಲಿಯ ಲ್ಯಾಂಡ್‌ಲೈನಿಗೆ ಮಾಡಿ ಕೇಳಿ ಅಣ್ಣಾ ಎಂದಳು.