ಮೂರು ದಿನದ ರಜೆ, ಹಲ್ಲಿನ ಹಳಿ

ಏಳನೆಯ ತರಗತಿಯಲ್ಲಿ ಓದುತ್ತಿರುವ ತಂಗಿಯ ಮಗಳು ಒಂದು ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹಾಳೆಯಲ್ಲಿ ಸ್ವಿಟ್ಜರ್ಲೆಂಡಿನ ಹಿಮಪರ್ವತ; ಅದರ ಮಗ್ಗುಲಲ್ಲಿ ಕೆಂಪು ಬಣ್ಣದ ಪುಟ್ಟ ರೈಲು. “ಮಾವ, ಇಲ್ಲಿಗೆ ಹೋಗಿಬರಲಿಕ್ಕೆ ಎಷ್ಟು ದಿನ ಬೇಕು?” ಎಂದು ಕೇಳಿದಳು. ಅವಳ ತಂದೆಗೆ ಓಣಂ ರಜೆಯಲ್ಲಿ ಬಿಡುವು ದೊರೆಯುವುದು ಮೂರು ದಿನ ಮಾತ್ರ. ಮನೆಯಲ್ಲಿ ಯಾರಿಗೂ ಪಾಸ್‌ಪೋರ್ಟ್ ಇಲ್ಲ, ಅಷ್ಟು ಹಣವೂ ಇಲ್ಲ. ಆಗದೆಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಆಲ್ಪ್ಸ್ ಪರ್ವತವನ್ನೇರುವ ರೈಲುಗಳ ಒಡಹುಟ್ಟೊಂದು ಕಾಸರಗೋಡಿನಿಂದ ಒಂದು ಹಗಲಿನ ದೂರದಲ್ಲಿದೆಯೆಂಬುದು ನನಗೆ ಗೊತ್ತಿತ್ತು. ಅದನ್ನು ಒಮ್ಮೆ ಕೈಯಾರೆ ತಪ್ಪಿಸಿಕೊಂಡ ಅನುಭವವೂ ನನಗಿತ್ತು.

ತಮಿಳುನಾಡಿನ ಮೆಟ್ಟುಪಾಳ್ಯಂನಿಂದ ಉದಕಮಂಡಲಕ್ಕೆ ಏರುವ ನೀಲಗಿರಿ ಪರ್ವತ ರೈಲಿನ ಹಾದಿ 46 ಕಿ.ಮೀ. ಉದ್ದವಾಗಿದೆ. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಡುವ ಬಂಡಿ 2,203 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ನಡುವೆ 16 ಸುರಂಗಗಳು, 208 ತಿರುವುಗಳು. ಆಲ್ಪ್ಸಿನ ರಿಗಿ ಬೆಟ್ಟಕ್ಕೆ 1871ರಲ್ಲಿ ಹಲ್ಲಿನ ಹಳಿ ಹಾಸಿದ ರಿಗೆನ್‌ಬಾಖ್ ಎಂಬ ಎಂಜಿನಿಯರರನ್ನು ಸರಕಾರವು ಇಲ್ಲಿಗೂ ಕರೆಸಿಕೊಂಡಿತ್ತು. ಕೊನೆಗೆ ಇಲ್ಲಿ ಬಳಕೆಗೆ ಬಂದದ್ದು ರೋಮನ್ ಆಬ್ಟ್ ಎಂಬ ಇನ್ನೊಬ್ಬ ಸ್ವಿಸ್ ಎಂಜಿನಿಯರನ ವಿಧಾನ. ಕೂನೂರಿನವರೆಗೆ 1899ರಲ್ಲಿ, ಉದಕಮಂಡಲದವರೆಗೆ 1908ರಲ್ಲಿ ಬಂಡಿ ಓಡಿತು. ಮುಂದೆ ಈ ಹಾದಿಯಲ್ಲಿ ದುಡಿದ ಉಗಿ ಎಂಜಿನ್‌ಗಳೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ಕಾರ್ಖಾನೆಯಿಂದಲೇ ಹಡಗೇರಿ ಬಂದವು. ನಮ್ಮ ಕರಾವಳಿಯ ರೈಲುಹಾದಿ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಉದಕಮಂಡಲಕ್ಕೆ ರೈಲು ಬರುವುದಕ್ಕೆ ಒಂದೇ ವರ್ಷ ಮೊದಲು. ಆಗ ಕಾಸರಗೋಡೂ ನೀಲಗಿರಿಯೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. 1956ರ ಬಳಿಕ ನಾವೊಂದು ರಾಜ್ಯ, ಅವರೊಂದು ರಾಜ್ಯ. ಯುನೆಸ್ಕೋ ಸಂಸ್ಥೆ ನೀಲಗಿರಿಯ ಹಾದಿಯನ್ನು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಿಟ್ಜರ್ಲೆಂಡಿನ ಹೆಸರಾಂತ ರೇಷಿಯನ್ ರೈಲಿಗೆ ಆ ಮನ್ನಣೆ ದೊರೆತದ್ದು ಮೂರು ವರ್ಷಗಳ ಅನಂತರ. ಇದನ್ನು ಕೇಳಿ ಸೊಸೆಯ ಮುಖ ಸ್ವಲ್ಪ ಅರಳಿತು.

ಹತ್ತು ವರ್ಷಗಳ ಹಿಂದೆ ನಾನು ತಾಯಿಯವರನ್ನು ಕರೆದುಕೊಂಡು ಇದೇ ಹಾದಿಗೆ ಹೊರಟಿದ್ದೆ. ದಿನ ಉಳಿಸುವ ಆಸೆಯಿಂದ ರಾತ್ರಿ ಪ್ರಯಾಣ ಮಾಡಿ, ನಸುಕಿನಲ್ಲಿ ಇಳಿದು, ಬೆಳಗಿನ ಬೆಟ್ಟದ ಬಂಡಿಯನ್ನು ಹಿಡಿಯುವುದೆಂದು ಗಳಿಗೆ ಗಳಿಗೆಯನ್ನೂ ಲೆಕ್ಕ ಹಾಕಿ ಇಟ್ಟಿದ್ದೆ. ಹತ್ತಿದ ಬಂಡಿ ಎರಡು ಗಂಟೆ ತಡವಾಯಿತು. ರೈಲು ತಡವಾಗುವುದು ಹೊಸ ಸಂಗತಿಯಲ್ಲ. ತಡವಾದರೆ ಏನೆಂದು ಯೋಚಿಸದೆ ಇದ್ದದ್ದು ನನ್ನ ತಪ್ಪು. ಮೆಟ್ಟುಪಾಳ್ಯಂನಿಂದ ಬೆಟ್ಟ ಏರುವ ಹಲ್ಲಿನ ಹಳಿಯ ಬಂಡಿ ಬೆಳಗ್ಗೆ ಏಳು ಗಂಟೆ ದಾಟಿದೊಡನೆ ಹೊರಟುಬಿಡುತ್ತದೆ. ನಾವು ತಲುಪುವಾಗ ನಿಲ್ದಾಣ ಬರಿದಾಗಿತ್ತು. ಬಸ್ಸಿನಲ್ಲಿ ಏರಿದೆವು. ತಿರುವುಗಳಲ್ಲಿ ತಾಯಿಗೆ ವಾಂತಿಯಾಯಿತು. ಅವರು ಒಂದು ಮಾತೂ ಆಡಲಿಲ್ಲ. ಅಂದು ಬೈದಿದ್ದರೆ ಇಷ್ಟು ದಿನ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಈಗ ಮೊಣಕಾಲಿನ ನೋವು. ರೈಲಿನ ಮೆಟ್ಟಿಲು ಹತ್ತುವುದೇ ಅವರಿಗೆ ಕಷ್ಟ.

ಆದುದರಿಂದ ಈ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆ. ಊರು ನೋಡುವುದನ್ನು ಮೊದಲು ನಿಶ್ಚಯಿಸಿ ರೈಲನ್ನು ಅದಕ್ಕೆ ಹೊಂದಿಸುವುದಲ್ಲ; ಬೆಟ್ಟದ ರೈಲನ್ನು ಮೊದಲು ಗೊತ್ತುಮಾಡಿ ಉಳಿದುದನ್ನು ಅದರ ಸುತ್ತ ಜೋಡಿಸುವುದು. ಕಾಯ್ದಿರಿಸುವಿಕೆ ತೆರೆದ ದಿನವೇ ಐದು ಆಸನಗಳನ್ನು ಪಡೆದೆವು. ಬಂಡಿ ಚಿಕ್ಕದು, ರಜೆಯ ದಿನಗಳಲ್ಲಿ ಆಸನಗಳು ಬೇಗನೆ ಮುಗಿಯುತ್ತವೆ. ಕಾಯ್ದಿರಿಸದವರು ಕೆಲವೇ ಸ್ಥಳಗಳಿಗಾಗಿ ನಸುಕಿನಲ್ಲೇ ಸಾಲು ನಿಲ್ಲಬೇಕು. ಮೊದಲ ದಿನ ಹಗಲು ಬಂಡಿಯಲ್ಲಿ ಕಾಸರಗೋಡಿನಿಂದ ಹೊರಟು ಶೋರನೂರು, ಪಾಲಕ್ಕಾಡಿನ ದಾರಿಯಾಗಿ ಕೊಯಮತ್ತೂರು. ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಮೆಟ್ಟುಪಾಳ್ಯಂನಲ್ಲಿ ರಾತ್ರಿ ವಾಸ. ಬಂಡಿ ಎಷ್ಟೇ ತಡವಾಗಲಿ, ಒಂದಿಡೀ ರಾತ್ರಿಯ ಸಡಿಲ ನಮ್ಮ ಕೈಯಲ್ಲಿ ಉಳಿಯುತ್ತದೆ. “ಒಂದು ರಾತ್ರಿ ಸುಮ್ಮನೆ ಹಾಳಲ್ಲವೇ?” ಎಂದು ಭಾವ ಕೇಳಿದರು. ನಾನು ತಾಯಿಯ ಕಡೆಗೆ ನೋಡಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಎರಡನೆಯ ದಿನ ಏರುವುದು, ಉದಕಮಂಡಲದಲ್ಲಿ ತಂಗುವುದು. ಮೂರನೆಯ ದಿನ ಮಧ್ಯಾಹ್ನದ ಬಂಡಿಯಲ್ಲಿ ಇಳಿದು, ಕೊಯಮತ್ತೂರಿನಿಂದ ರಾತ್ರಿಯ ರೈಲು ಹಿಡಿದರೆ ಮರುದಿನ ಬೆಳಗ್ಗೆ ಮನೆ. ಏರಲು ಸುಮಾರು ಐದು ಗಂಟೆ, ಇಳಿಯಲು ಮೂರೂವರೆ ಗಂಟೆ ಬೇಕು. ಹೀಗಿರುವಾಗ ಪೈಕಾರ, ಮುದುಮಲೆಯ ಕಾಡು, ಸರೋವರದ ದೋಣಿ ಎಲ್ಲವನ್ನೂ ಪಟ್ಟಿಯಿಂದ ಅಳಿಸಬೇಕಾಯಿತು. 1848ರಲ್ಲಿ ಆರಂಭವಾದ ಸಸ್ಯೋದ್ಯಾನವನ್ನೂ ದೊಡ್ಡಬೆಟ್ಟವನ್ನೂ ಮಾತ್ರ ಉಳಿಸಿಕೊಂಡೆವು.

ಕಾಲದ ಬಗ್ಗೆ ನಮ್ಮವರು ಒಂದು ವಿಷಯವನ್ನು ಗಮನಿಸಬೇಕು. ನವರಾತ್ರಿಗೆ ಮಳೆ ಮುಗಿಯಿತೆಂದು ನಮ್ಮ ಎಣಿಕೆ. ನೀಲಗಿರಿಯ ಪೂರ್ವದ ಇಳಿಜಾರಿಗೆ ಜೋರು ಮಳೆ ಬರುವುದೇ ಆಗ, ಈಶಾನ್ಯ ಮಾರುತದೊಂದಿಗೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಗುಡ್ಡ ಕುಸಿದು ಹಳಿ ಮುಚ್ಚುವುದು, ಬಂಡಿ ರದ್ದಾಗುವುದು ಆಗಾಗ ಇದ್ದದ್ದೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಜನಸಂದಣಿ. ಶಾಲೆಯ ಮಕ್ಕಳಿದ್ದವರಿಗೆ ಓಣಂ ರಜೆಯೇ ವಾಸಿ ಎಂದು ನನ್ನ ಅಭಿಪ್ರಾಯ. ಒಂದೇ ದಿನದ ಬಿಡುವಿರುವವರು ಮಂಗಳೂರಿನಿಂದ ಬೆಂಗಳೂರಿನತ್ತ ಹೋಗುವ ಹಗಲು ರೈಲಿನಲ್ಲಿ ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಘಟ್ಟವನ್ನು ನೋಡಬಹುದು. 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. ಆ ಚೆಲುವು ಯಾವುದಕ್ಕೂ ಕಡಿಮೆಯಲ್ಲ.

ಆದರೆ ಅಲ್ಲಿ ಹಲ್ಲಿನ ಹಳಿಯಿಲ್ಲ. ಸುಬ್ರಹ್ಮಣ್ಯದ ಘಟ್ಟದಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರಿಕೆ. ನೀಲಗಿರಿಯಲ್ಲಿ ಹನ್ನೆರಡು ಅಡಿಗೇ ಒಂದು ಅಡಿ. ಅಷ್ಟು ಕಡಿದಾದಲ್ಲಿ ನಯವಾದ ಚಕ್ರ ನಯವಾದ ಹಳಿಯ ಮೇಲೆ ಜಾರುತ್ತದೆ. ಅದಕ್ಕಾಗಿ ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ಹಾಸಿದ್ದಾರೆ. ಒಂದರ ಹಲ್ಲಿರುವಲ್ಲಿ ಇನ್ನೊಂದರ ಸಂದು. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಗಾಲಿಗಳು ಇವುಗಳನ್ನು ಕಚ್ಚಿಕೊಂಡು ಏರುತ್ತವೆ. ಯಾವ ಗಳಿಗೆಯಲ್ಲೂ ಹಿಡಿತ ಪೂರ್ತಿ ತಪ್ಪದು. ಏರುವಾಗ ಎಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಕೆಳಗೆ ಓಡಿಹೋಗದಂತೆ ಈ ಏರ್ಪಾಡು.

ಮೆಟ್ಟುಪಾಳ್ಯಂ ಬಿಟ್ಟ ಕೂಡಲೇ ಸಿಗುವುದು ಬೆಟ್ಟವಲ್ಲ, ಅಡಿಕೆ ತೋಟ. “ಇದು ನಮ್ಮ ಊರೇ ಅಲ್ಲವಾ?” ಎಂದು ಸೊಸೆ ನಿರಾಶೆಯಿಂದ ಹೇಳಿದಳು. ಕಲ್ಲಾರು ದಾಟಿ ಹಲ್ಲುಗಳು ಕಚ್ಚಿಕೊಂಡಾಗ ಬಂಡಿ ಒಮ್ಮೆ ನಡುಗಿತು, ಕಾಲಡಿಯಿಂದ ಕಟಕಟ ಸದ್ದು ಎದ್ದಿತು. ಆಮೇಲೆ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೂನೂರಿನ ತನಕ ಎಡಬದಿಯ ಕಿಟಕಿ, ಅಲ್ಲಿಂದ ಮುಂದೆ ಬಲಬದಿ ಒಳ್ಳೆಯದು. ಹಿಲ್‌ಗ್ರೋವ್ ಎಂಬಲ್ಲಿ ಎಂಜಿನ್ ನೀರು ಕುಡಿಯುತ್ತದೆ, ಜನ ಚಹಾ ಕುಡಿಯುತ್ತಾರೆ, ಮಂಗಗಳು ಎರಡೂ ಕಡೆ ಕಾವಲು ಕಾಯುತ್ತವೆ. ನಮ್ಮ ಬುತ್ತಿಯ ಅವಲಕ್ಕಿ ಅರ್ಧ ಅವುಗಳ ಪಾಲಾಯಿತು.

ಕೂನೂರಿನಲ್ಲಿ ಉಗಿ ಎಂಜಿನ್ ಹೋಗಿ ಡೀಸೆಲ್ ಬರುತ್ತದೆ; ಮುಂದೆ ಹಲ್ಲಿನ ಹಳಿಯೂ ಇಲ್ಲ. ನಮ್ಮೆದುರಿನಲ್ಲಿ ಬಿಳಿಯ ವಸ್ತ್ರ ಹೊದ್ದ ಇಬ್ಬರು ವೃದ್ಧೆಯರು ಬಂದು ಕುಳಿತರು. ಕೇತಿಯ ಕಣಿವೆ ಕಾಣುವಷ್ಟರಲ್ಲಿ ಸೊಸೆ ನನ್ನ ತೋಳನ್ನು ತಿವಿದಳು. “ಮಾವ, ಇವರು ಮಾತಾಡುವುದು ಎಂತ ಭಾಷೆ? ನನಗೆ ಅರ್ಧ ಗೊತ್ತಾಗ್ತದೆ.”

ಅವರು ಬಡಗರು. ಬಡಗು ಎಂದರೆ ಉತ್ತರ. ಮೈಸೂರಿನ ಕಡೆಯಿಂದ ಬಂದು ನೆಲಸಿದವರೆಂದು ಪ್ರತೀತಿ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು. ಜನಗಣತಿಯಲ್ಲಿ ಅದನ್ನು ಕನ್ನಡದ ಕೆಳಗೆ ಎಣಿಸುತ್ತಾರೆ. ಭಾಷಾಶಾಸ್ತ್ರಜ್ಞರಲ್ಲಿ ಹಲವರು ಬೇರೆಯೇ ಭಾಷೆಯೆನ್ನುತ್ತಾರೆ. ಅವರ ಊರಿಗೆ ಹಟ್ಟಿಯೆಂದು ಹೆಸರೆಂದು ಕೇಳಿ ಸೊಸೆಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಹಟ್ಟಿಯಲ್ಲಿರುವುದು ದನಗಳು. ಚಿತ್ರದುರ್ಗದ ಕಡೆಯೂ ಹಟ್ಟಿಯೆಂದರೆ ಜನರಿರುವ ಊರೇ ಎಂದು ವಿವರಿಸಿದೆ. ಅವರ ಕುಲದೇವತೆಯ ಉತ್ಸವ ಹೆತ್ತೆ ಹಬ್ಬ. ಅಲ್ಲಿನ ಅತ್ಯುನ್ನತ ಶಿಖರ, 2,637 ಮೀಟರಿನದು, ದೊಡ್ಡಬೆಟ್ಟ. ಯಾವ ನಿಘಂಟೂ ಬೇಡ.

ವೃದ್ಧೆಯರಲ್ಲಿ ಒಬ್ಬರು ನಾವೆಲ್ಲಿಯವರೆಂದು ವಿಚಾರಿಸಿದರು. ಕೇರಳದವರೆಂದಾಗ ಅವರಿಗೆ ಅಚ್ಚರಿ. ಶಾಲೆಯಲ್ಲಿ ಇದೇ ಭಾಷೆಯಲ್ಲಿ ಪಾಠವೆಂದು ತಿಳಿದಾಗ ಅಚ್ಚರಿ ಇಮ್ಮಡಿಯಾಯಿತು. ಅವರ ಮೊಮ್ಮಕ್ಕಳು ಕಲಿಯುವುದು ಇಂಗ್ಲಿಷಿನಲ್ಲಿ, ತಮಿಳಿನಲ್ಲಿ. ಮನೆಯ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲ. ಸೊಸೆ ಚೀಲದಿಂದ ತನ್ನ ಪ್ರವಾಸದ ಟಿಪ್ಪಣಿ ಪುಸ್ತಕವನ್ನು ತೆಗೆದು ತೋರಿಸಿದಳು. ಆ ಅಜ್ಜಿ ಓದಲಾರದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಬಳಿಕ ಸೊಸೆ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತ ಹೋದಳು. ಅವರು ತಲೆದೂಗುತ್ತ, ಕೆಲವು ಕಡೆ ತಡೆದು ತಮ್ಮ ಮಾತಿನಲ್ಲಿ ಅದನ್ನು ಹೇಗೆ ಹೇಳುವುದೆಂದು ತಿಳಿಸುತ್ತ ಹೋದರು. ಬಲಬದಿಯ ಕಿಟಕಿಯಲ್ಲಿ ಕಣಿವೆ ಕಳೆದುಹೋದದ್ದು ನಮಗೆ ಯಾರಿಗೂ ತಿಳಿಯಲಿಲ್ಲ.

ದೊಡ್ಡಬೆಟ್ಟದಲ್ಲಿ ಮಂಜು ಕವಿದು ಏನೂ ಕಾಣಲಿಲ್ಲ. ಉದ್ಯಾನವನ್ನು ಅರ್ಧ ನೋಡಿದೆವು. ಇಳಿಯುವಾಗ ಮಕ್ಕಳು ನಿದ್ದೆಹೋದರು.

ನಾಲ್ಕನೆಯ ದಿನ ಬೆಳಗ್ಗೆ ಮನೆ ಸೇರಿದಾಗ ತಾಯಿ ಜಗಲಿಯಲ್ಲಿ ಕಾದು ಕುಳಿತಿದ್ದರು. “ಹಳಿಗೆ ಹಲ್ಲು ಉಂಟಂತೆ, ನೋಡಿದೆಯಾ? ನಮ್ಮ ಹೆರೆಮಣೆಯದರ ಹಾಗೆಯೋ?” ಎಂದು ಮೊಮ್ಮಗಳನ್ನು ಕೇಳಿದರು. ಅವಳು ಚೀಲವನ್ನು ಅಲ್ಲೇ ಹಾಕಿ ಅಡುಗೆಮನೆಗೆ ಓಡಿ ಹೆರೆಮಣೆಯನ್ನೇ ಎತ್ತಿಕೊಂಡು ಬಂದಳು. “ಇಷ್ಟು ಸಣ್ಣದಲ್ಲ ಅಜ್ಜಿ, ಇಲ್ಲಿ ನೋಡಿ” ಎನ್ನುತ್ತ ಪೆನ್ಸಿಲು ಹಿಡಿದು ನೆಲದಲ್ಲಿ ಕುಳಿತಳು.