ಒಡೆದ ಗಾಜಿನ ನಿಮಿತ್ತದಿಂದ ಕಂಡ ಬೀದಿ

ಬೆಂಗಳೂರನ್ನು ನೋಡಲು ಬಂದವರು ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದೆ ಹಿಂದಿರುಗುವುದು ಅಪೂರ್ವ. ೧೮೮೯ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅದಕ್ಕೆ ಶಂಕುಸ್ಥಾಪನೆ ಮಾಡಿದನೆಂಬುದನ್ನೂ, ಲಂಡನ್ನಿನ ಸ್ಫಟಿಕ ಸೌಧವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಕಟ್ಟಿದರೆಂಬುದನ್ನೂ ಹಿರಿಯರು ಮಕ್ಕಳಿಗೆ ಹೇಳುವುದುಂಟು. ಅಲ್ಲಿಂದ ಹೆಚ್ಚು ದೂರವಿಲ್ಲದ ಜೆ. ಸಿ. ರಸ್ತೆಯಲ್ಲಿಯೂ ಗಾಜು ಬೇಕಾದಷ್ಟಿದೆ. ಆದರೆ ಅದನ್ನು ನೋಡಲೆಂದು ಯಾರೂ ಹೋಗುವುದಿಲ್ಲ. ಏನಾದರೊಂದು ಒಡೆದ ಮೇಲೆಯೇ ಜನರು ಆ ಬೀದಿಯನ್ನು ನೆನೆಯುವುದು. ನಾವು ಹೋದದ್ದೂ ಹಾಗೆಯೇ. ಹೋಗಿ ಬಂದ ಮೇಲೆ, ಕಾರಿನ ಕಿಟಕಿಯ ವಿಷಯವಾಗಿ ಗೃಹಸ್ಥರು ತಿಳಿದಿರಬೇಕಾದ ಕೆಲವು ಸಂಗತಿಗಳು ಅಲ್ಲಿ ದೊರೆತವೆಂದು ತೋರಿದ್ದರಿಂದ ಇದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಳೆದ ಆಷಾಢ ಮಾಸದಲ್ಲಿ ನಮ್ಮ ಅಕ್ಕನವರ ಕಣ್ಣಿನ ಪೊರೆಯನ್ನು ತೆಗೆಯಿಸುವ ಸಲುವಾಗಿ ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೊರಟಿದ್ದೆವು. ಅಕ್ಕನವರಿಗೆ ಎಪ್ಪತ್ತೆರಡು ವರ್ಷ. ಬಲಗಣ್ಣು ಬಾಲ್ಯದಲ್ಲಿಯೇ ಬೇನೆಯಿಂದ ಕೆಟ್ಟುಹೋದದ್ದರಿಂದ ಅವರಿಗೆ ಉಳಿದಿದ್ದುದು ಎಡಗಣ್ಣೊಂದೇ. ಅದಕ್ಕೂ ಪೊರೆ ಬಂದು, ಎರಡು ವರ್ಷದಿಂದ ಪುಸ್ತಕ ಹಿಡಿಯುವುದು ನಿಂತಿತ್ತು. ಶಸ್ತ್ರಚಿಕಿತ್ಸೆಗೆ ಮರುದಿನ ಬೆಳಗ್ಗೆ ಎಂಟು ಗಂಟೆಯನ್ನು ವೈದ್ಯರು ಗೊತ್ತುಮಾಡಿದ್ದರು. ಕಾರನ್ನು ಓಡಿಸುತ್ತಿದ್ದವನು ಅಕ್ಕನವರ ಮಗ. ಅವನ ಪಕ್ಕದಲ್ಲಿ ನಾವು. ಹಿಂದಿನ ಪೀಠದಲ್ಲಿ, ಎಡಬದಿಯ ಕಿಟಕಿಯ ಬಳಿ ಅಕ್ಕನವರು.

ಹಿರೀಸಾವೆ, ಬೆಳ್ಳೂರು ಕ್ರಾಸುಗಳನ್ನು ಹಾದು ಹೋಗುವ ಆ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ ೭೫. ಅಗಲವೂ ನುಣುಪೂ ಆದ ದಾರಿ, ಎರಡು ಕಡೆಗೂ ತೆಂಗಿನ ತೋಟಗಳು, ಮೇಲೆ ಮೋಡ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕುಳಿತಲ್ಲಿಂದಲೇ ಕೈಮುಗಿದು ಕುಣಿಗಲ್ಲಿನ ಕಡೆಗೆ ಸಾಗಿದೆವು. ಸ್ವಲ್ಪ ದೂರದಲ್ಲಿ, ಜಲ್ಲಿ ತುಂಬಿದ ಟಿಪ್ಪರ್ ಲಾರಿಯೊಂದನ್ನು ಬಲಗಡೆಯಿಂದ ದಾಟುತ್ತಿದ್ದಾಗ ಅದರ ಮೇಲಿನಿಂದ ಒಂದು ಕಲ್ಲು ಹಾರಿತು. ಕೋವಿ ಹಾರಿದಂಥ ಸದ್ದಾಯಿತು. ಹಿಂದಿರುಗಿ ನೋಡುವಷ್ಟರಲ್ಲಿ ಎಡಗಿಟಕಿಯ ಗಾಜು ಹಾಲಿನಂತೆ ಬೆಳ್ಳಗಾಗಿ, ಮರುಕ್ಷಣವೇ ಕಲ್ಲುಸಕ್ಕರೆಯ ರಾಶಿಯಾಗಿ ಅಕ್ಕನವರ ಮೈಮೇಲೆಲ್ಲ ಸುರಿಯಿತು. ಅವರು ಎರಡು ಕೈಗಳನ್ನೂ ಮುಖಕ್ಕೆ ಅಡ್ಡಹಿಡಿದಿದ್ದರು.

ಕಾರನ್ನು ರಸ್ತೆಯ ಎಡಬದಿಗೆ ತಂದು, ಎಚ್ಚರಿಕೆಯ ದೀಪಗಳನ್ನು ಮಿನುಗಿಸಿ ನಿಲ್ಲಿಸಿದೆವು. “ಕಣ್ಣು ತೆರೆಯಬೇಡಿ, ಒರಸಿಕೊಳ್ಳಬೇಡಿ” ಎಂಬುದೇ ನಾವು ಆಡಿದ ಮೊದಲ ಮಾತು. ಗಾಜಿನ ಕಣವನ್ನು ಕಣ್ಣೊಳಕ್ಕೆ ತಳ್ಳುವುದು ಕಲ್ಲಲ್ಲ, ಗಾಬರಿಯಲ್ಲಿ ಉಜ್ಜುವ ಕೈ. ಅಕ್ಕನವರ ತಲೆಯನ್ನು ಮುಂದಕ್ಕೆ ಬಾಗಿಸಿ, ಹಣೆಯ ಮೇಲೂ ಕೂದಲಲ್ಲಿಯೂ ಇದ್ದ ಚೂರುಗಳು ತಾವಾಗಿ ಕೆಳಗೆ ಬೀಳುವಂತೆ ಮಾಡಿದೆವು. ಕನ್ನಡಕವನ್ನು ಮೆಲ್ಲನೆ ತೆಗೆದು, ಮುಚ್ಚಿದ ರೆಪ್ಪೆಯ ಮೇಲೆ ಸೀಸೆಯ ಶುದ್ಧಜಲವನ್ನು ಧಾರೆಯಾಗಿ ಬಿಟ್ಟೆವು. ಆಮೇಲೆ ಅವರು ಕಣ್ಣು ತೆರೆದು, “ಏನೂ ಚುಚ್ಚುತ್ತಿಲ್ಲ” ಎಂದರು. ಹೆಬ್ಬೆರಳಿನ ಮೇಲೆ ಕೆಂಪುಗೆರೆ ಒಂದು. ಅದರ ಹೊರತು ಮೈಮೇಲೆ ಗಾಯವಿರಲಿಲ್ಲ.

ಬಳಿಕ ಕಾರಿನ ಉಪಚಾರ. ಚೂರುಗಳನ್ನು ಗುಡಿಸುವ ಮೊದಲೇ ಒಳಗಿನಿಂದಲೂ ಹೊರಗಿನಿಂದಲೂ ಚಿತ್ರಗಳನ್ನು ತೆಗೆದೆವು. ವಿಮೆಯವರು ಕೇಳಿದರೆ ಅವೇ ಸಾಕ್ಷಿ. ಕಿಟಕಿಯನ್ನು ಏರಿಳಿಸುವ ಗುಂಡಿಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಚೌಕಟ್ಟಿನಲ್ಲಿ ಉಳಿದ ಚೂರುಗಳು ಬಾಗಿಲಿನ ಹೊಟ್ಟೆಗೆ ಇಳಿದು ಯಂತ್ರವನ್ನು ಕಚ್ಚುತ್ತವೆ. ದಪ್ಪ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಅವನ್ನು ಒಂದೊಂದಾಗಿ ತೆಗೆದೆವು. ಸಮೀಪದ ಚಹದ ಅಂಗಡಿಯವನು ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನೂ ಅಂಟುಪಟ್ಟಿಯನ್ನೂ ತಂದುಕೊಟ್ಟನು. ದುಡ್ಡು ಕೊಡಹೋದರೆ ಕೈ ಚಾಚಲಿಲ್ಲ. ಚೌಕಟ್ಟನ್ನು ಒರಸಿ ಒಣಗಿಸಿ ಹಾಳೆಯನ್ನು ಬಿಗಿದೆವು. ಬಣ್ಣದ ಮೇಲೆ ಅಂಟಿಸಿದರೆ ಕೀಳುವಾಗ ಬಣ್ಣವೂ ಬರಬಹುದಾದುದರಿಂದ, ಹಾಳೆಯ ಅಂಚನ್ನು ಒಳಕ್ಕೆ ಮಡಿಸಿ ಅಂಟಿಸಿದ್ದಾಯಿತು.

ಈ ನಡುವೆ ಊರಿನಿಂದ ಬಂಧುವೊಬ್ಬರು ಫೋನಿನಲ್ಲಿ ಸಂಗತಿಯನ್ನು ಕೇಳಿ, “ಆಷಾಢ ಬೇಡವೆಂದರೂ ಹೊರಟಿರಿ; ಈಗ ಗಾಜೂ ಒಡೆಯಿತು. ಹಿಂದಿರುಗಿ ಬನ್ನಿ” ಎಂದರು. ಅಕ್ಕನವರ ಮಗನ ಮನಸ್ಸೂ ತೂಗಾಡಿತು. ಅಂದಿನ ದಿನ ತಪ್ಪಿದರೆ ವೈದ್ಯರ ಮುಂದಿನ ದಿನ ಮೂರು ವಾರದ ಮೇಲೆ. ಆಗ ಅಕ್ಕನವರು, “ಒಡೆದದ್ದು ಗಾಜು, ಕಣ್ಣಲ್ಲ. ಇಷ್ಟು ಚೂರು ಮೈಮೇಲೆ ಬಿದ್ದೂ ನನ್ನನ್ನು ಕೊಯ್ಯದ ಗಾಜನ್ನು ಅಪಶಕುನವೆಂದು ಏಕೆ ಬಯ್ಯುತ್ತೀರಿ? ಮುಂದಕ್ಕೆ ನಡೆಯಿರಿ” ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಆಸ್ಪತ್ರೆಗೆ ಸುದ್ದಿ ಕೊಟ್ಟು, ವೇಗವನ್ನು ತಗ್ಗಿಸಿ, ನೆಲಮಂಗಲದ ಮಾರ್ಗವಾಗಿ ನೇರವಾಗಿ ಅಲ್ಲಿಗೇ ಹೋದೆವು. ವೈದ್ಯರು ಯಂತ್ರದಲ್ಲಿ ಕಣ್ಣನ್ನು ಪರೀಕ್ಷಿಸಿ, ಕಣವೂ ಇಲ್ಲ, ಗೀರೂ ಇಲ್ಲವೆಂದು ಹೇಳಿದ ಮೇಲೆ ನಮಗೆ ಉಸಿರು ಬಂದಿತು.

ಇನ್ನು ಗಾಜಿನ ಯೋಚನೆ. ನಮ್ಮ ದೇಶದ ಮೋಟಾರು ವಿಮೆಯ ಪದ್ಧತಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸವಕಳಿಯೆಂದು ನೂರಕ್ಕೆ ೫೦ ಕಳೆಯುತ್ತಾರೆ. ಗಾಜಿಗೆ ಏನೂ ಕಳೆಯುವುದಿಲ್ಲ. ಆದರೂ ಸಣ್ಣ ಕಾರಿನ ಮಾಲಿಕನು ಮೊದಲ ೧,೦೦೦ ರೂಪಾಯನ್ನು ತಾನೇ ಹೊರಬೇಕು. ಅಷ್ಟೇ ಅಲ್ಲದೆ, ಪರಿಹಾರ ಬೇಡದ ವರ್ಷಗಳಿಗಾಗಿ ಕಂತಿನಲ್ಲಿ ದೊರೆಯುವ ರಿಯಾಯಿತಿ, ನೂರಕ್ಕೆ ೨೦ರಿಂದ ಮೊದಲಾಗಿ ೫೦ರವರೆಗೆ ಏರುವಂಥದು, ಒಮ್ಮೆ ಪರಿಹಾರ ಪಡೆದೊಡನೆ ಹೋಗುತ್ತದೆ. ಅಳಿಯನು ಕಾಗದದ ಮೇಲೆ ಲೆಕ್ಕ ಹಾಕಿ, ಒಂದು ಕಿಟಕಿಗಾಗಿ ಆ ರಿಯಾಯಿತಿಯನ್ನು ಕಳೆದುಕೊಳ್ಳುವುದು ನಷ್ಟವೆಂದು ಕಂಡನು. ಕಾರಿನ ಕಂಪನಿಯ ಕಾರ್ಖಾನೆಯವರು ಗಾಜು ತರಿಸಲು ನಾಲ್ಕು ದಿನ ಕೇಳಿದರು. ಹೀಗಾಗಿ ಜೆ. ಸಿ. ರಸ್ತೆಗೆ ಹೊರಟೆವು. ಅಕ್ಕನವರನ್ನು ಬಂಧುಗಳ ಮನೆಯಲ್ಲಿ ಬಿಡೋಣವೆಂದರೆ ಒಪ್ಪದೆ, “ಪೊರೆಯೊಳಗಿನಿಂದ ಬೆಂಗಳೂರು ಹೇಗೆ ಕಾಣುವುದೋ ಇಂದೇ ನೋಡಿಬಿಡುತ್ತೇನೆ, ನಾಳೆಗೆ ಅದು ಸಿಕ್ಕದು” ಎಂದು ನಕ್ಕರು.

ಜೆ. ಸಿ. ರಸ್ತೆಯೆಂದರೆ ಮೈಸೂರಿನ ಕಡೆಯ ಮಹಾರಾಜರಾದ ಜಯಚಾಮರಾಜ ಒಡೆಯರ ಹೆಸರಿನ ರಸ್ತೆ. ಒಂದು ತುದಿಯಲ್ಲಿ ೧೯೩೫ರ ಪುಟ್ಟಣ್ಣಚೆಟ್ಟಿ ಪುರಭವನ. ಅದರ ಸಮೀಪದಲ್ಲಿಯೇ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆಂದು ಎದ್ದ ಕಲಾಕ್ಷೇತ್ರ. ಇನ್ನೊಂದು ತುದಿಯಲ್ಲಿ ಮಿನರ್ವ ವೃತ್ತ. ನಾಟಕ ನೋಡಲು ಬಂದವರು ಒಂದು ಕಡೆ ಇಳಿದರೆ, ಬೇರಿಂಗು, ದೀಪ, ಕೊಂಬು, ಗಾಲಿಗಳನ್ನು ಅರಸುವವರು ಇನ್ನೊಂದು ಕಡೆ ಇಳಿಯುತ್ತಾರೆ. ಮೋಟಾರಿನ ಅಂಗಾಂಗಗಳನ್ನೆಲ್ಲ ಬಿಡಿಬಿಡಿಯಾಗಿ ತೂಗುಹಾಕಿದ ಈ ಅಂಗಡಿಗಳ ಸಾಲನ್ನು ನೋಡಿದರೆ, ವ್ಯಾಕರಣದಲ್ಲಿ ಪ್ರಕೃತಿ ಪ್ರತ್ಯಯಗಳನ್ನು ಬೇರ್ಪಡಿಸಿ ಇಟ್ಟಂತೆ ತೋರುತ್ತದೆ.

ಗಾಜಿನ ಅಂಗಡಿಯಲ್ಲಿ ಗಾಜುಗಳು ಮರದ ಗೂಡುಗಳಲ್ಲಿ, ನಡುನಡುವೆ ಕಾಗದ ಸಿಕ್ಕಿಸಿಕೊಂಡು, ಓಲೆಗರಿಯ ಕಟ್ಟುಗಳಂತೆ ನಿಂತಿದ್ದುವು. ಯಜಮಾನನು ನಮ್ಮನ್ನು ಪ್ರಶ್ನಿಸಿದ ರೀತಿ ನಮ್ಮ ಹಳೆಯ ವೃತ್ತಿಯನ್ನು ನೆನಪಿಗೆ ತಂದಿತು. ಕಾರು ಯಾವುದು, ಯಾವ ವರ್ಷದ್ದು, ಎಡವೋ ಬಲವೋ, ಮುಂಬಾಗಿಲೋ ಹಿಂಬಾಗಿಲೋ, ಕೈಯಿಂದ ತಿರುಗಿಸುವುದೋ ವಿದ್ಯುತ್ತಿನದೋ, ಬಿಳಿಯೋ ಹಸುರೋ? ಲಿಂಗ ವಚನ ವಿಭಕ್ತಿಗಳಲ್ಲಿ ಒಂದು ತಪ್ಪಿದರೂ ಪದ ಕೂಡದು. ಹಾಗೆಯೇ ಇವುಗಳಲ್ಲಿ ಒಂದು ತಪ್ಪಿದರೂ ಗಾಜು ಕೂಡದು. ಬಣ್ಣದ ಮಾತಿಗೆ ನಿಯಮವೂ ಇದೆ: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಬೆಳಕು ನೂರಕ್ಕೆ ೭೦ಕ್ಕೂ, ಪಕ್ಕದ ಗಾಜುಗಳಲ್ಲಿ ೫೦ಕ್ಕೂ ಕಡಿಮೆಯಿಲ್ಲದಂತೆ ಹಾಯಬೇಕು.

ಆ ಗಾಜಿಗೆ ೧,೩೫೦ ರೂಪಾಯಿ ಎಂದಾಗ, ಬಾಗಿಲಲ್ಲಿ ನಿಂತಿದ್ದ ಬೇರೊಬ್ಬನು ಅಳಿಯನನ್ನು ಪಕ್ಕಕ್ಕೆ ಕರೆದು, ಸಾಧಾರಣ ಗಾಜನ್ನು ಅದೇ ಆಕಾರಕ್ಕೆ ಕೊಯ್ದು ಅರ್ಧ ಬೆಲೆಗೆ ಕೂರಿಸಿಕೊಡುವುದಾಗಿ ಹೇಳಿದನು. ನೋಡಲು ಎರಡಕ್ಕೂ ಭೇದವಿಲ್ಲ. ಭೇದವೆಲ್ಲ ಒಡೆಯುವಾಗ. ಕಾರಿನ ಪಕ್ಕದ ಕಿಟಕಿಗೆ ಸಾಮಾನ್ಯವಾಗಿ ಹಾಕುವುದು ಹದಗೊಳಿಸಿದ ಗಾಜು. ಮೊದಲು ಆಕಾರಕ್ಕೆ ಕೊಯ್ದು, ೬೦೦ ಡಿಗ್ರಿಗೂ ಮೀರಿ ಕಾಯಿಸಿ, ಎರಡು ಮುಖಕ್ಕೂ ತಣ್ಣನೆಯ ಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರಿ ಕುಗ್ಗುತ್ತ ಹೊರಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಆ ಬಿಗಿಯಿಂದಲೇ ಅದಕ್ಕೆ ಬಲ. ಏಟು ಆ ಬಿಗಿಯನ್ನು ಭೇದಿಸಿ ಒಳಹೊಕ್ಕರೆ ಬಿಗಿಯೆಲ್ಲ ಒಮ್ಮೆಗೇ ಬಿಟ್ಟು ಇಡೀ ಗಾಜು ಮೊಂಡಾದ ಕಾಳುಗಳಾಗುತ್ತದೆ. ಹದಗೊಳಿಸಿದ ಮೇಲೆ ಅದನ್ನು ಕೊಯ್ಯುವಂತಿಲ್ಲ. ಕೊಯ್ಯಹೋದರೆ ಅಲ್ಲಿಯೇ ಪುಡಿಯಾಗುವುದು. ಅಂಗಡಿಯಲ್ಲಿ ನಮ್ಮ ಕಣ್ಣೆದುರಿಗೆ ಕೊಯ್ದು ಕೊಡುವ ಗಾಜು ಹದಗೊಂಡದ್ದಲ್ಲವೆಂಬುದಕ್ಕೆ ಇದೇ ಗುರುತು. ಸಾಧಾರಣ ಗಾಜು ಒಡೆದರೆ ಕತ್ತಿಯಂಥ ಸೀಳುಗಳಾಗುತ್ತದೆ. ಮುಂದಿನ ದೊಡ್ಡ ಗಾಜಿನ ವಿಧಾನ ಬೇರೆ: ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯಿರುವುದರಿಂದ ಅದು ಬಿರಿದರೂ ಉದುರದು. ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನಜ್ಞನು ೧೯೦೯ರಲ್ಲಿ ಅಂಥ ಗಾಜಿಗೆ ಹಕ್ಕುಪತ್ರ ಪಡೆದನು.

ಅಳಿಯನು ಅರ್ಧ ಬೆಲೆಯ ಮಾತನ್ನು ತಾಯಿಯ ಕಿವಿಗೆ ಹಾಕಿದನು. ಅಕ್ಕನವರು ಸೆರಗಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ಕಾಳನ್ನು ಬಿಡಿಸಿ ಮಗನ ಅಂಗೈಯಲ್ಲಿಟ್ಟು, “ಹೀಗೆ ಒಡೆಯುವುದೇ ಬೇಕು” ಎಂದರು. ಹೊಸ ಗಾಜಿನ ಮೂಲೆಯಲ್ಲಿ ಐ. ಎಸ್. ಐ. ಮುದ್ರೆಯನ್ನೂ, ಸುರಕ್ಷಾ ಗಾಜಿನ ಮಾನಕವಾದ ೨೫೫೩ ಎಂಬ ಸಂಖ್ಯೆಯನ್ನೂ ನೋಡಿ ಕೊಂಡೆವು.

ಕೂರಿಸಿದವನು ವಯಸ್ಸಾದ ಮಿಸ್ತ್ರಿ. ಹಿಡಿಕೆಯ ಹಿಂದಿನ ತಿರುಪುಗಳನ್ನು ಬಿಚ್ಚಿ ಬಾಗಿಲಿನ ಒಳಹಲಗೆಯನ್ನು ಕಳಚಿದನು. ಅದರ ಹಿಂದೆ ನೀರು ತಡೆಯಲು ಅಂಟಿಸಿದ್ದ ಹಾಳೆಯನ್ನು ಹರಿಯದಂತೆ ಸರಿಸಿದನು. ಒಳಗೆ ಬಿದ್ದಿದ್ದ ಕಾಳುಗಳನ್ನು ಯಂತ್ರದಿಂದ ಹೀರಿಸಿ, ಬಾಗಿಲಿನ ಅಡಿಯ ರಂಧ್ರಗಳನ್ನು ತಂತಿಯಿಂದ ಬಿಡಿಸಿದನು. ಮಳೆಯ ನೀರು ಹೊರಹೋಗುವುದು ಆ ರಂಧ್ರಗಳಿಂದಲೇ. ಅವು ಕಟ್ಟಿದರೆ ನೀರು ನಿಂತು ಬಾಗಿಲು ಒಳಗಿನಿಂದ ತುಕ್ಕು ಹಿಡಿಯುವುದು. ಆಮೇಲೆ ಗಾಜನ್ನು ಓರೆಯಾಗಿ ಇಳಿಸಿ, ಎರಡು ಪಕ್ಕದ ಗಾಡಿಯಲ್ಲಿ ಕೂರಿಸಿ, ಏರಿಳಿಸುವ ಯಂತ್ರಕ್ಕೆ ಬಿಗಿದನು. ಒಳಹಲಗೆಯನ್ನು ಮುಚ್ಚುವ ಮೊದಲು ಐದಾರು ಸಲ ಏರಿಳಿಸಿ, ಒಂದು ಕೂದಲಿನಷ್ಟು ವಾಲುವುದನ್ನು ಕಂಡು ಮತ್ತೆ ಬಿಚ್ಚಿ ಬಿಗಿದನು. ಒಂದು ಗಂಟೆಯ ಕೆಲಸ. ಕೂಲಿ ೪೦೦ ರೂಪಾಯಿ.

ಕಾದು ಕುಳಿತಾಗ ನಮಗೆ ‘ಕಾಚ’ ಎಂಬ ಶಬ್ದ ನೆನಪಾಯಿತು. ಅಮರಕೋಶದ ನಾನಾರ್ಥವರ್ಗದಲ್ಲಿ ಅದಕ್ಕೆ ಮೂರು ಅರ್ಥ: ಗಡಿಗೆ ತೂಗುಹಾಕುವ ನೆಲುವು, ಗಾಜಾಗುವ ಮಣ್ಣಿನ ಭೇದ, ಕಣ್ಣಿನ ರೋಗ. ತಿಮಿರವು ಬೆಳೆದು ಕಾಚವಾಗಿ, ಕಾಚವು ಮುಂದುವರಿದು ಲಿಂಗನಾಶವಾಗುವುದೆಂದು ಆಯುರ್ವೇದದ ಗ್ರಂಥಗಳು ಹೇಳುತ್ತವೆ. ಅದಕ್ಕೆ ಶಲಾಕೆಯಿಂದ ಮಾಡುವ ಶಸ್ತ್ರಕರ್ಮವು ಸುಶ್ರುತಸಂಹಿತೆಯಲ್ಲಿದೆ. ಮಕ್ಕಳಿಗೆ ಆ ಅರ್ಥಗಳನ್ನು ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದ್ದೆವು. ಅವುಗಳಲ್ಲಿ ಎರಡು ಒಂದೇ ದಿನ ಒಂದೇ ಮನೆಯವರಿಗೆ ಎದುರಾದದ್ದು ಅಂದು.

ಮರುದಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಹಿಂದಿನ ದಿನದ ಕಥೆಯನ್ನು ಕೇಳಿದ್ದ ವೈದ್ಯರು ಆಗ ಒಂದು ವಿಷಯವನ್ನು ತಿಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪ್ಲಾಸ್ಟಿಕ್ ಕಿಟಕಿ ಒಡೆದು ಕೆಲವು ಚಾಲಕರ ಕಣ್ಣಿನಲ್ಲಿ ಚೂರುಗಳು ನಾಟಿದ್ದುವಂತೆ. ಅವು ಒಳಗೆ ಉಳಿದರೂ ಕಣ್ಣು ಕೆರಳದಿದ್ದುದನ್ನು ಕಂಡ ಹೆರಾಲ್ಡ್ ರಿಡ್ಲೆ ಎಂಬ ನೇತ್ರವೈದ್ಯನು, ೧೯೪೯ರಲ್ಲಿ ಲಂಡನ್ನಿನಲ್ಲಿ ಆ ಜಾತಿಯ ವಸ್ತುವಿನಿಂದಲೇ ಮಸೂರವನ್ನು ಮಾಡಿಸಿ ಮೊದಲ ಬಾರಿಗೆ ಕಣ್ಣಿನೊಳಗೆ ಇಟ್ಟನು. ಇಂದು ಪೊರೆ ತೆಗೆದ ಕಣ್ಣುಗಳಲ್ಲಿ ಮಸೂರವನ್ನು ಕೂರಿಸುವ ಪದ್ಧತಿಗೆ ಅದೇ ಮೂಲ. ಒಡೆದ ಕಿಟಕಿಯೊಂದರಿಂದ ಇಷ್ಟು ಜನಕ್ಕೆ ದೃಷ್ಟಿ ಬಂದಿತೆಂಬುದನ್ನು ಅಕ್ಕನವರು ಮೌನವಾಗಿ ಕೇಳಿದರು.

ಒಂದು ವಾರದ ಮೇಲೆ ಊರಿಗೆ ಹಿಂದಿರುಗುವಾಗ ಅವರು ಅದೇ ಕಿಟಕಿಯ ಬಳಿ ಕುಳಿತು, “ಗಾಜಿನ ಮೂಲೆಯಲ್ಲಿ ಏನೋ ಮುದ್ರೆಯಿದೆಯಲ್ಲ, ಇದೇ ಏನು ನೀವು ಅಂದು ನೋಡಿದ್ದು?” ಎಂದು ಕೇಳಿದರು.

ಜಲ್ಲಿಯ ಲಾರಿಯಿಂದ ದೂರವಿರುವುದು, ಕಾರಿನಲ್ಲಿ ಒಂದು ದಪ್ಪ ಹಾಳೆಯನ್ನೂ ಅಂಟುಪಟ್ಟಿಯನ್ನೂ ಶುದ್ಧಜಲವನ್ನೂ ಇಟ್ಟುಕೊಂಡಿರುವುದು, ಕಣ್ಣುಜ್ಜದಿರುವುದು, ಬೆಲೆಗಿಂತ ಮೊದಲು ಮುದ್ರೆಯನ್ನು ನೋಡುವುದು: ಇಷ್ಟೇ ನಾವು ಗೃಹಸ್ಥರಲ್ಲಿ ಬಿನ್ನವಿಸುವ ಮಾತು. ವಾಚಕರಿಗೆ ಆ ಬೀದಿಗೆ ಹೋಗುವ ಪ್ರಸಂಗ ಬಾರದಿರಲಿ. ಬಂದರೆ, ಗಾಜು ಚೆನ್ನಾಗಿ ಒಡೆಯುವಂಥದೇ ದೊರೆಯಲಿ.